ಸಾಫ್ಟ್ ಪೇಪರಿನ ಮೇಲೆ ಮೂಡಿದ ಮುಖ

ವಿನೆಗರ್‌ನ ಹುಳಿ ವಾಸನೆ ಬಂದರೆ ನನಗೆ ಇಂದಿಗೂ ಸೋಲಾಪುರದ ನವಿ ಪೇಠದ ಆ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆ ನೆನಪಾಗುತ್ತದೆ.

ಶಾಲೆಯ ಹಾಸ್ಟೆಲ್ ಅರ್ಜಿಗೆ ಫೋಟೋ ಬೇಕಿತ್ತು. ಅರ್ಜಿ ಕೊಡಲು ಅದೇ ಕೊನೆಯ ದಿನ. ಅವ್ವ ನನ್ನನ್ನು ದುಧನಿಯಿಂದ ರೈಲಿನಲ್ಲಿ ಕರೆತಂದಿದ್ದಳು. ಸ್ಟುಡಿಯೋ ಕಾಕಾ ತೆಗೆದ ಮೊದಲ ಪ್ರಿಂಟಿನಲ್ಲಿ ಬಿಳಿ ಅಂಗಿಯ ಮೇಲೆ ನನ್ನ ಮುಖ ಬರೀ ಇದ್ದಿಲು. ಕಣ್ಣು, ಮೂಗು ಯಾವುದೂ ಇರಲಿಲ್ಲ.

“ಇದು ನಡ್ಯಂಗಿಲ್ಲ. ಸಾಹೇಬ್ರು ಅರ್ಜಿ ವಾಪಸ್ ಒಗೀತಾರ,” ಅಂದರು ಕಾಕಾ.

“ಜರಾ ಬೆಳ್ಳಗ ಮಾಡ್ರಿ ಅಣ್ಣಾರ,” ಅವ್ವ ಬೇಡಿಕೊಂಡಳು.

“ಬೆಳ್ಳಗ ಮಾಡಿದ್ರ ಬ್ಯಾರೆ ಯಾರದೋ ಪೋರಿ ಆಗ್ತಾಳ ತಂಗೀ. ಈ ಹಾರ್ಡ್ ಪೇಪರ್ ಕಪ್ಪೆಲ್ಲಾ ಒಂದ ಮಾಡಿ ನುಂಗತೈತಿ. ಸಾಫ್ಟ್ ಮ್ಯಾಲ ತೆಗದ್ರ ಕಪ್ಪಿನ್ಯಾಗೂ ಕಣ್ಣು ಮೂಗು ಕಾಣ್ತಾವ, ಬರ್ರಿ.”

ಹುಳಿ ವಾಸನೆಯ ಆ ಕತ್ತಲೆ ಕೋಣೆಯ ಕೆಂಪು ದೀಪದ ಕೆಳಗೆ, ಟ್ರೇಯ ದ್ರಾವಣದಲ್ಲಿ ಅಲುಗುತ್ತಿದ್ದ ಕಾಗದದ ಮೇಲೆ ಮೊದಲು ಹುಬ್ಬು ಮೂಡಿತು, ಆಮೇಲೆ ಕಣ್ಣು. ಮುಖ ಕಪ್ಪಾಗಿಯೇ ಇತ್ತು, ಆದರೆ ಅದರಲ್ಲಿ ನಾನು ಕಾಣುತ್ತಿದ್ದೆ.

“ಅಯ್ಯ, ನಮ್ಮ ಪೋರೀನೇ!” ಎಂದ ಅವ್ವ, ಗೋಡೆಗೆ ಹಾಕಲು ದೊಡ್ಡದೊಂದು ಕೇಳಿದಳು. ನಮ್ಮಲ್ಲಿ ಗೋಡೆಗೆ ಹಾಕುತ್ತಿದ್ದದ್ದು ತೀರಿಕೊಂಡವರ ಫೋಟೋ ಮಾತ್ರ.

“ಸತ್ತವರ ಸಾಲಿನ್ಯಾಗ ಕೂಸಿಂದು ಹಾಕ್ತೀಯೇನವಾ?” ಕಾಕಾ ಗಾಬರಿಯಾದರು.

“ಹಾಕ್ತೀನ್ರಿ. ಅವರ್‍ಯಾರೂ ಸಾಲಿ ಕಂಡಿಲ್ಲ. ಸಾಲಿಗಿ ಹೊಂಟ ಇಕಿನ್ನ ನೋಡ್ಲಿ.”