ಗೋಡೆಯ ಎರಡನೇ ನೆನಪು

ಸಮಸ್ತ ನಾಗರಿಕರ ಗಮನಕ್ಕೆ: ಕಳೆದ ಸೋಮವಾರ ಪಾಂಡುರಂಗನ ಮನೆಯಲ್ಲಿ ಉಪ್ಪಿಟ್ಟು ಸೀದುಹೋಯಿತು.

ಒಲೆ ಆರಿಸಲು ಮರೆತವನು ಅವನೇ. ಹೆಂಡತಿ ಗದರಿದಾಗ, "ಅಮ್ಮ ಮರೆತಿರ್ಬೇಕು ಕಣೇ" ಅಂದುಬಿಟ್ಟ. ಅಂದಿನಿಂದ ಅಮ್ಮ, "ನಂಗೆ ಅರಳುಮರಳು ಕಣಪ್ಪ" ಎನ್ನುತ್ತಾ ಅಡುಗೆಮನೆಗೆ ಕಾಲಿಟ್ಟಿಲ್ಲ. ಅವನಿಗೆ ತುತ್ತು ಇಳಿಯುತ್ತಿಲ್ಲ, ಒಪ್ಪಿಕೊಳ್ಳಲು ಬಾಯಿಯೂ ಬರುತ್ತಿಲ್ಲ.

ಮಾತಿಗೆ ಬಣ್ಣ ಹಚ್ಚುವ ಅವನ ಮನೆಗೂ ಎಲ್ಲರ ಮನೆಯಂತೆ ಮಾತು ಹಿಡಿದಿಡುವ ಬಣ್ಣವೇ ಹಚ್ಚಿತ್ತು. "ಅಯ್ಯೋ, ನಾನೇ ಒಲೆ ಆರಿಸ್ಲಿಲ್ಲ" ಎಂದು ಅವನು ಗೊಣಗಿದ್ದು ಗೋಡೆಯಲ್ಲಿತ್ತು. ಅದನ್ನು ಅಳಿಸಲು ಇಡೀ ಗೋಡೆಗೆ ಅಯಸ್ಕಾಂತ ಉಜ್ಜಿದ. ಆ ಬಣ್ಣದ ಕಣಗಳು ಕಾಂತಶಕ್ತಿಯಲ್ಲಿ ನೆನಪಿಟ್ಟದ್ದನ್ನೇ ವಿದ್ಯುತ್ತಿನಲ್ಲೂ ನೆನಪಿಟ್ಟಿರುತ್ತವೆ, ಅದು ಅಯಸ್ಕಾಂತಕ್ಕೆ ಅಳಿಯುವುದಿಲ್ಲ ಎಂದು ಡಬ್ಬದ ತಳದಲ್ಲಿ ಸಣ್ಣಕ್ಷರದಲ್ಲಿತ್ತು. ಅವನು ಓದಿರಲಿಲ್ಲ.

"ಸೋಮವಾರ ಹಾಲಿನವ್ನು ಏನಂದ, ಕೇಳೋಣ ಇರಿ" ಎಂದು ಹೆಂಡತಿ ಗೋಡೆಯ ಮಾತು ಕೇಳಿಸುವ ಸ್ವಿಚ್ ಒತ್ತಿದಳು. ಗೋಡೆ ಪಾಂಡುರಂಗನ ದನಿಯಲ್ಲೇ ತಪ್ಪೊಪ್ಪಿಕೊಂಡಿತು.

ಹಜಾರದಿಂದ ಅಮ್ಮ ಎದ್ದು ಬಂದಳು. "ಹಾಗಾದ್ರೆ ನಾನು ಚೆನ್ನಾಗೇ ಇದೀನೇನೋ, ಪಾಂಡು?"