ಎರಡನೇ ಕ್ಲಿಕ್

ದರ್ಜಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದ. ಎದುರಿಗೆ ಅವನ ಹೆಂಡತಿ ಕ್ಯಾಮೆರಾ ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದಳು. ಅದು ಫೋಟೊ ಕಾರ್ಯಾಗಾರದ ಕೊನೆಯ ದಿನ. ಮನೆಯವರಲ್ಲಿ ಒಬ್ಬರನ್ನು ಅವರ ಕೆಲಸದ ಸಮೇತ ಕರೆತನ್ನಿ ಎಂದಿದ್ದರು, ಪತ್ರಿಕೆಗೆ ಮೂವತ್ತು ವರ್ಷ ಚಿತ್ರ ತೆಗೆದಿದ್ದ ಮೇಡಂ. ಕ್ಲಿಕ್ ಅಂದಿತು. ದರ್ಜಿಯ ಕಣ್ಣು ಎಂದಿನಂತೆ ಮುಚ್ಚಿತ್ತು.

“ಮದುವೆ ಫೋಟೊದಲ್ಲೂ ಹೀಗೇ ಮೇಡಂ,” ಎಂದಳು ಹೆಂಡತಿ. “ಅಣ್ಣ ಕಣ್ಣು ಬಿಟ್ಟಿರೋ ಫೋಟೊ ಒಂದು ಕಳಿಸು ಅತ್ತಿಗೆ ಅಂತ ಇವರ ತಂಗಿ ದೂರದಿಂದ ಬರೆದಿದ್ಲು. ಉತ್ತರ ಬರೆದಿಟ್ಟು ಮೂರು ವರ್ಷ ಆಯ್ತು, ಒಳಗಿಡೋಕೆ ಫೋಟೊನೇ ಇಲ್ಲ.”

“ಕಣ್ಣು ಬಿಟ್ಟಿದ್ರೆ ನಿನ್ನ ಕಟ್ಕೊಳ್ತಿದ್ನಾ?” ಎಂದ ದರ್ಜಿ. ಇಡೀ ತರಗತಿ ನಕ್ಕಿತು. ಮೇಡಂ ಮಾತ್ರ ಅವಳ ಮೊಣಕೈಯನ್ನು ಪಕ್ಕೆಗೆ ಒತ್ತಿ ನಿಲ್ಲಿಸಿ, ಕಿವಿಯಲ್ಲಿ ಹೇಳಿದರು: “ಕ್ಲಿಕ್ ಅಂದ ಮೇಲೂ ಕ್ಯಾಮೆರಾ ಇಳಿಸಬೇಡಿ. ಮುಗೀತು ಅಂತ ಎಲ್ರೂ ಸಡಿಲ ಆಗ್ತಾರೆ. ಆಗ ಇನ್ನೊಂದು ಹೊಡೀರಿ.”

ಅವಳು ಒತ್ತಿದಳು. ಅವನು ಕಣ್ಣು ಮುಚ್ಚಿದ. ಆಮೇಲೆ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ “ಆಯ್ತೇನೇ?” ಎಂದು ಹುಬ್ಬೇರಿಸಿ ಅವಳನ್ನು ನೋಡಿದ.

“ಆಯ್ತು ರೀ,” ಎನ್ನುತ್ತಾ ಅವಳು ಮತ್ತೆ ಒತ್ತಿದಳು. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಎರಡೂ ಕಣ್ಣು ಅರಳಿದ್ದವು, ತುಂಟತನ ತುಂಬಿಕೊಂಡು. ಮೇಡಂ ಅಲ್ಲೇ ಅದನ್ನು ಅಚ್ಚು ಹಾಕಿಸಿಕೊಟ್ಟರು.

ಪ್ರತಿ ತರಗತಿಗೂ ಹೊತ್ತು ತಂದು ಹಾಗೇ ವಾಪಸು ಒಯ್ಯುತ್ತಿದ್ದ, ನಾದಿನಿಗೆ ಬರೆದ ಆ ಉತ್ತರದ ಲಕೋಟೆಯನ್ನು ಅವಳು ಬೀದಿಯಲ್ಲಿ ಚೀಲದಿಂದ ತೆಗೆದಳು.

“ಅದ್ರಲ್ಲಿರೋದೆಲ್ಲ ಹಳೇ ಸುದ್ದಿ ಕಣೇ,” ಎಂದ ದರ್ಜಿ.

“ಇರ್ಲಿ ಬಿಡಿ, ಕಣ್ಣು ಹೊಸದಲ್ವಾ,” ಎಂದು ಅವಳು ಫೋಟೊ ಒಳಗಿಟ್ಟು, ಅಂಟಿಸಿ, ಲಕೋಟೆಯನ್ನು ಅಂಚೆ ಪೆಟ್ಟಿಗೆಯೊಳಕ್ಕೆ ಹಾಕಿದಳು.