ಹಸುವಿನ ಗಡುವು

ತಾರಸಿಯ ನೀರುಗಂಡಿಗಳಿಗೆಲ್ಲ ಬಟ್ಟೆ ತುರುಕಿ, ವ್ಯಾಸರಾಯ ಬಾವಿಯಿಂದ ಹೊತ್ತು ತಂದ ನೀರನ್ನು ಸುರಿಯುತ್ತಿದ್ದ. ಕೆಳಗೆ ಹಿಂಜಗಲಿಯಲ್ಲಿ ಕಟ್ಟಿದ್ದ ಹಸು ನರಳಿತು.

"ವ್ಯಾಸೂ, ನೀರುಚೀಲ ಒಡೀತೋ!" ತಾಯಿ ಕಮಲಾಕ್ಷಮ್ಮ ಕೂಗಿದರು.

"ಸಾಯಂಕಾಲದವರೆಗೆ ಹೇಗಾದರೂ ತಡಿಯಮ್ಮಾ!"

"ಇದೇನು ನಿನ್ನ ಕಾಲೇಜು ಗಂಟೆಯೇನೋ, ತಡಿಯಕ್ಕೆ?"

ತುಡಿಯಲೂರಿನ ಆ ಹೊಸ ಮನೆಗೆ ಹಸುವೇ ಗಡುವು. ಹಿಂದಿನ ಸಂಕ್ರಾಂತಿಯ ತೈ ಮಾಸದ ಗೃಹಪ್ರವೇಶದಂದು, ಭೌತಶಾಸ್ತ್ರ ಕಲಿಸುವ ವ್ಯಾಸರಾಯ ಒಂದು ವರ್ಷದ ಹೊಣೆಯನ್ನು ಛಾಪಾಕಾಗದದಲ್ಲಿ ಬರೆದುಕೊಡುವಂತೆ ಮೇಸ್ತ್ರಿ ಕಾಳಿಯಪ್ಪನನ್ನು ಕೇಳಿದ್ದ. "ಕಾಗದಕ್ಕೆ ಸುಳ್ಳು ಹೇಳಿದರೆ ಯಾರಿಗೆ ಪಾಪ? ಹಸುವಿಗೆ ಹೇಳಲಿ," ಎಂದಿದ್ದರು ಕಮಲಾಕ್ಷಮ್ಮ. ಆಗಷ್ಟೇ ಗಬ್ಬವಾಗಿದ್ದ ಹಸು ಹೊಸ್ತಿಲು ದಾಟುವಾಗ ಕಾಳಿಯಪ್ಪನ್ ಅದರ ಬೆನ್ನು ಮುಟ್ಟಿ ಆಣೆಯಿಟ್ಟ. ಅದು ಈದು ಮುಗಿಸುವವರೆಗೆ ಮನೆಯಲ್ಲಿ ಕಂಡ ಕೊರತೆಯೆಲ್ಲ ಅವನದು, ಆಮೇಲೆ ಮನೆಯವರದು.

ವ್ಯಾಸರಾಯ ಗೋಡೆಗಳಿಗೆ ತೂಕದ ದಾರ ಇಳಿಬಿಟ್ಟು ನೋಡಿದ, ನೆಲದ ಮೇಲೆ ಗೋಲಿ ಉರುಳಿಸಿ ನೋಡಿದ. ಎಲ್ಲವೂ ಸರಿಯಿತ್ತು. ತಾರಸಿಯನ್ನು ಮಾತ್ರ ಮಳೆಯೇ ಪರೀಕ್ಷಿಸಬೇಕು. ಆದರೆ ೧೯೫೪ರ ಮೋಡಗಳು ಪಾಲಕ್ಕಾಡಿನ ಕಡೆಯಿಂದ ಬಂದು, ಮನೆಯನ್ನು ಬರಿದೇ ನೋಡಿಕೊಂಡು ಮುಂದೆ ಹೋದವು. ಅದಕ್ಕೇ ಇಂದು ಈ ಕೆರೆ.

ಅವನು ಇಳಿದು ಬಂದಾಗ, ಕರೆಯದೆಯೇ ಬಂದಿದ್ದ ಕಾಳಿಯಪ್ಪನ್ ಹಸುವಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದ.

"ತಿಣುಕು ತಾಯೇ, ಇನ್ನೊಂದು ತಡವೆ!"

"ಅವಸರಪಡಿಸಬೇಡಯ್ಯಾ ಅದನ್ನ!"

"ನೀವು ಮೇಲೆ ಹೋಗಿ ಇನ್ನೂ ನಾಲ್ಕು ಕೊಡ ಹುಯ್ಯಿರಿ ಸಾಮಿ. ಮೀನು ಬೇಕಾದರೂ ಬಿಡಿ. ನಾನು ಅರೆದ ಗಾರೆ ಅದು, ತೊಟ್ಟು ಸೋರಲ್ಲ."

ಗೊರಸೊಂದು ಕಾಣಿಸಿತು. ಆಮೇಲೆ ಏನೂ ಮುಂದುವರಿಯಲಿಲ್ಲ. ಹಸು ಅಡ್ಡ ಬಿದ್ದು ಕಣ್ಣು ಮೇಲೆ ಮಾಡಿತು. ಕಾಳಿಯಪ್ಪನ್ ಕೈಗೆ ಎಣ್ಣೆ ಹಚ್ಚಿಕೊಂಡು ಒಳಗೆ ಹಾಕಿ ನೋಡಿದ. ಮಾತಿನ ಗತ್ತು ಇಳಿದುಹೋಯಿತು.

"ಒಂದು ಕಾಲು ಮಡಚಿಕೊಂಡಿದೆ. ನೇರ ಮಾಡ್ತೀನಿ. ಎಳೆಯಕ್ಕೆ ಮಾತ್ರ ಒಬ್ಬನಿಂದ ಆಗಲ್ಲ. ಹಿಡೀರಿ ಸಾಮಿ."

ವ್ಯಾಸರಾಯ ಜಗಲಿಯ ಸೂರು ನೋಡಿದ. ಸುಣ್ಣ ಬಳಿದ ಬಿಳಿಯಲ್ಲಿ ತೇವದ ಸುಳಿವಿಲ್ಲ. ನೀರು ಇಳಿಯಬೇಕಾದರೆ ಇನ್ನೂ ಹೊತ್ತು ಬೇಕು. ಕರು ಹೊರಬಂದರೆ ತಾರಸಿ ತನ್ನದು, ಅದರ ಸೋರಿಕೆಯೂ ತನ್ನದು.

"ಸೂರೇನು ನೋಡ್ತೀಯೋ? ಎಳಿ! ಸೋರಿದರೆ ನನ್ನ ತಲೆ ಮೇಲೆ ಸೋರಲಿ!" ಎಂದರು ಕಮಲಾಕ್ಷಮ್ಮ.

ಅವನು ಕನ್ನಡಕ ತೆಗೆದು ತಾಯಿಯ ಕೈಗೆ ಕೊಟ್ಟ. ಇಬ್ಬರೂ ಗೋಡೆಗೆ ಕಾಲು ಕೊಟ್ಟು, ಹಸು ತಿಣುಕಿದಾಗಲೆಲ್ಲ ಎಳೆದರು. ಕರು ಜಾರಿ ಬಂದ ರಭಸಕ್ಕೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು.

"ಹೆಣ್ಣು!" ಕಾಳಿಯಪ್ಪನ್ ಎದ್ದು ಕೂತ. "ಕೈ ಕೊಡಿ ಸಾಮಿ. ಇನ್ನು ಮನೆ ನಿಮ್ಮದು."

ವ್ಯಾಸರಾಯನ ಬೋಳುನೆತ್ತಿಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಹಿಂದೆಯೇ ಇನ್ನೊಂದು. ಮೇಲೆ ಬಿಳಿಯ ಸೂರಿನಲ್ಲಿ ತೇವದ ಮಚ್ಚೆ ಎಮ್ಮೆಯ ಕಿವಿಯಷ್ಟು ಅಗಲವಾಗಿತ್ತು. ಮೂವರೂ ಅದನ್ನೇ ನೋಡಿದರು.

"ಈದ ಮೇಲೆ ಬಿದ್ದದ್ದು," ಕಾಳಿಯಪ್ಪನ್ ಮೆಲ್ಲಗೆ ಹೇಳಿದ. "ನೀವೇ ಸಾಕ್ಷಿ ಅಮ್ಮಾ."

ಕಮಲಾಕ್ಷಮ್ಮ ಮಗನ ಕಡೆ ನೋಡದೆ ತಲೆಯಾಡಿಸಿದರು. ವ್ಯಾಸರಾಯ ನೆತ್ತಿ ಒರೆಸಿಕೊಂಡ.

ಹಸು ಮತ್ತೆ ನರಳಿತು. ಕಾಳಿಯಪ್ಪನ್ ಕೈ ಹಾಕಿ ತಡಕಿದ. ತಡಕುತ್ತಿದ್ದ ಕೈ ನಿಂತಿತು. ಬಹಳ ಹೊತ್ತು ಅವನು ಹಸುವಿನ ಮುಖವನ್ನೇ ನೋಡುತ್ತ ಕೂತ.

"ಗಾರೆಗೆ ಸುಣ್ಣ ನೆನೆಹಾಕಕ್ಕೆ ಹೇಳಿ ಸಾಮಿ," ಎಂದ ಕೊನೆಗೆ. "ಒಳಗೆ ಇನ್ನೊಂದು ಇದೆ."